ಗಾಜಿನ ಹಲಗೆಗೊಂದು ಕವಚ

ಹಿಂದೆ ಬಳೆಗಾರನ ಮಲಾರದಲ್ಲಿ ಗಾಜಿನ ಬಳೆಗಳು ಊರೂರು ಸುತ್ತಿ ಬರುತ್ತಿದ್ದವು. ಬಟ್ಟೆಯ ಮೆತ್ತನೆಯ ಸುತ್ತು ಪೆಟ್ಟಿನ ರಭಸವನ್ನು ತಾನೇ ನುಂಗಿ ಅವುಗಳನ್ನು ಕಾಯುತ್ತಿತ್ತು. ಇಂದು ಟ್ಯಾಬ್ಲೆಟ್ ಕಂಪ್ಯೂಟರನ್ನು ಕೊಂಡ ಗೃಹಸ್ಥರಿಗೆ ಬೇಕಾದುದೂ ಇದೇ ವಿವೇಕ. 2010ರ ಏಪ್ರಿಲ್‌ನಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದಿತು. 2020ರಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಇಂಥ ಗಾಜಿನ ಹಲಗೆಯೇ ಮಕ್ಕಳ ಪಾಠಶಾಲೆಯಾಯಿತು. ಅದು ಒಡೆದರೆ ಹಣದೊಡನೆ ಮಗುವಿನ ಪಾಠವೂ ಹೋಯಿತೆಂದೇ ಅರ್ಥ.

ಸುಮಾರು 75 ಸೆಂಟಿಮೀಟರ್ ಎತ್ತರದ ಮೇಜಿನಿಂದ ಜಾರಿದ ಹಲಗೆಯು ಗಂಟೆಗೆ ಸುಮಾರು 14 ಕಿಲೋಮೀಟರ್ ವೇಗದಲ್ಲಿ ನೆಲವನ್ನು ತಾಕುತ್ತದೆ. ಮೂಲೆ ಮೊದಲು ತಗುಲಿದರೆ ಪೆಟ್ಟೆಲ್ಲವೂ ಅಲ್ಲಿಯೇ ಕೇಂದ್ರೀಕೃತವಾಗಿ ಗಾಜು ಸೀಳುವ ಸಂಭವ ಹೆಚ್ಚು. ಆದುದರಿಂದ ಕವಚದ ಬಣ್ಣಕ್ಕೆ ಮರುಳಾಗುವ ಮೊದಲು ಅದರ ಮೂಲೆಗಳನ್ನು ಒತ್ತಿ ನೋಡುವುದು ಲೇಸು. ಅವು ದಪ್ಪವಾಗಿ, ಮೆತ್ತಗಿರಬೇಕು. ಅಂಚು ಗಾಜಿಗಿಂತ ತುಸು ಮೇಲೆದ್ದಿರಬೇಕು. ಹಾಗಿದ್ದರೆ ಕವುಚಿ ಬಿದ್ದರೂ ಗಾಜು ಸಮನೆಲಕ್ಕೆ ನೇರವಾಗಿ ತಾಗದು.

ಸಿಲಿಕೋನ್ ಕವಚವು ಕೈಗೆ ಒಳ್ಳೆಯ ಹಿಡಿತ ಕೊಡುತ್ತದೆ, ಆದರೆ ಧೂಳನ್ನು ಅಂಟಿಸಿಕೊಳ್ಳುತ್ತದೆ. ಪಾಲಿಕಾರ್ಬೊನೇಟ್ ಗಟ್ಟಿಯಾದುದು, ಚೀಲದಲ್ಲಿ ಪುಸ್ತಕಗಳ ಒತ್ತಡವನ್ನು ತಡೆದರೂ ಬಿದ್ದ ಪೆಟ್ಟನ್ನು ಅಷ್ಟಾಗಿ ನುಂಗಲಾರದು. ಒಳಗೆ ಮೆತ್ತನೆಯ ಪಾಲಿಯುರಿಥೇನ್, ಹೊರಗೆ ಪಾಲಿಕಾರ್ಬೊನೇಟ್ ಇರುವ ಕವಚದಲ್ಲಿ ಎರಡರ ಗುಣವೂ ಕೂಡಿರುತ್ತದೆ. ಪುಟ್ಟ ಮಕ್ಕಳಿಗೆ ಹಿಡಿಕೆಯುಳ್ಳ ದಪ್ಪ ಫೋಮ್ ಕವಚವೇ ಮೇಲು.

ಕೆಲವು ಪೆಟ್ಟಿಗೆಗಳ ಮೇಲೆ ‘ಸೈನಿಕ ಮಟ್ಟದ ರಕ್ಷಣೆ’ ಎಂಬ ಘೋಷಣೆ ಇರುತ್ತದೆ. ಅಮೆರಿಕದ ರಕ್ಷಣಾ ಇಲಾಖೆಯ ಎಂಐಎಲ್-ಎಸ್‌ಟಿಡಿ-810 ಎಂಬ ಪರೀಕ್ಷಾಕ್ರಮವೇ ಇದಕ್ಕೆ ಆಧಾರ. ಅದರ ಒಂದು ಪರೀಕ್ಷೆಯಲ್ಲಿ 122 ಸೆಂಟಿಮೀಟರ್ ಎತ್ತರದಿಂದ ಮುಖ, ಅಂಚು, ಮೂಲೆಗಳ ಮೇಲೆ ಒಟ್ಟು 26 ಬಾರಿ ಬೀಳಿಸುವುದುಂಟು. ಆದರೆ ಈ ಪೆಟ್ಟುಗಳನ್ನು ಐದು ನಮೂನೆಗಳವರೆಗೆ ಹಂಚಿಕೊಳ್ಳಲು ಅವಕಾಶವಿದೆ. ಆ ಇಲಾಖೆಯು ಅಂಗಡಿಯ ಕವಚಗಳಿಗೆ ಪ್ರಮಾಣಪತ್ರ ನೀಡುವುದಿಲ್ಲ. ಆದ್ದರಿಂದ ಎಷ್ಟು ಎತ್ತರದಿಂದ ಬೀಳಿಸಿ ಪರೀಕ್ಷಿಸಲಾಗಿದೆ ಎಂಬುದನ್ನು ಓದಿಯೇ ಕೊಳ್ಳಬೇಕು.

ಪುಸ್ತಕದಂತೆ ಮಡಚುವ ಕವಚಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಮುಚ್ಚಿದೊಡನೆ ಪರದೆ ಆರುವುದು ಅನೇಕ ಕವಚಗಳಲ್ಲಿ ಅಡಗಿರುವ ಆಯಸ್ಕಾಂತದಿಂದ. ಹೃದಯದಲ್ಲಿ ಪೇಸ್‌ಮೇಕರ್ ಅಥವಾ ಡಿಫಿಬ್ರಿಲೇಟರ್ ಅಳವಡಿಸಿಕೊಂಡವರಿಗೆ ಆಯಸ್ಕಾಂತದ ಸಾಮೀಪ್ಯ ಒಳ್ಳೆಯದಲ್ಲ. ಅದು ಆ ಯಂತ್ರದ ಕೆಲಸಕ್ಕೆ ಅಡ್ಡಿಯಾಗಬಹುದು. ಐಪ್ಯಾಡ್ ತಯಾರಕರೇ 15 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿರಲೆಂದು ಸೂಚಿಸಿದ್ದಾರೆ. ಮೊಮ್ಮಗನ ಹಲಗೆಯನ್ನು ಎದೆಯ ಮೇಲಿಟ್ಟುಕೊಂಡು ಓದುತ್ತ ನಿದ್ರೆ ಹೋಗುವ ಅಜ್ಜನವರಿರುವ ಮನೆಯಲ್ಲಿ ಈ ಮಾತನ್ನು ಮರೆಯುವಂತಿಲ್ಲ.

ಕಡೆಯದಾಗಿ, ಪರದೆಯ ಅಳತೆ ಒಂದೇ ಆದರೂ ಕ್ಯಾಮೆರಾ ಮತ್ತು ಗುಂಡಿಗಳ ಸ್ಥಾನ ಬೇರೆಯಾಗಿರಬಹುದು. ಅಂಗಡಿಗೆ ಹೊರಡುವ ಮುನ್ನ ಮಾದರಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುವ ಗೃಹಿಣಿಯು ಎರಡನೆಯ ಬಾರಿ ಹೋಗುವ ಶ್ರಮವನ್ನು ಉಳಿಸಿಕೊಳ್ಳುತ್ತಾಳೆ.