ಗುಡಿಯನ್ನು ನೋಡಿದೆವು, ಊರೆಲ್ಲಿ?

ಕಳೆದ ಚಳಿಗಾಲದಲ್ಲಿ ನಾವು ಕೆಲವು ವಿದ್ಯಾರ್ಥಿಗಳು ಅರಸೀಕೆರೆಯಿಂದ ಹಳೇಬೀಡಿಗೆ ಹೋಗಿದ್ದೆವು. ದೇವಾಲಯವನ್ನು ಸುತ್ತಿ ಬಂದ ಮೇಲೆ ಗೆಳೆಯನೊಬ್ಬನು, “ಗುಡಿಯನ್ನೇನೋ ನೋಡಿದೆವು, ಊರೆಲ್ಲಿ?” ಎಂದು ಕೇಳಿದನು. ನಾನು ನಿರುತ್ತರನಾದೆ. ಅನಂತರ ಓದಿ ತಿಳಿದಷ್ಟನ್ನು ವಾಚಕರ ಮುಂದಿಡುತ್ತಿದ್ದೇನೆ.

ಹಳೇಬೀಡು ಅಂದಿನ ದೋರಸಮುದ್ರ, ಹೊಯ್ಸಳರ ರಾಜಧಾನಿ. ಹೆಸರಿನಲ್ಲಿರುವ ‘ಸಮುದ್ರ’ ಅಲ್ಲಿಯ ಹಿರಿಯ ಕೆರೆಯೇ. ಹೊಯ್ಸಳೇಶ್ವರನ ಗುಡಿಯನ್ನು 1121ರ ಸುಮಾರಿಗೆ ಕಟ್ಟಿಸತೊಡಗಿದವನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ. ಅದೇ ಊರಿನಲ್ಲಿ ಬೊಪ್ಪನು ತನ್ನ ತಂದೆ, ದಂಡನಾಯಕ ಗಂಗರಾಜನ ನೆನಪಿಗೆ 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಶಿವಾಲಯವೂ ಜಿನಾಲಯವೂ ಒಂದೇ ಬೀಡಿನ ನೆರೆಹೊರೆಯವಾಗಿದ್ದವು.

ಆ ಊರಿನ ಕಠೋರ ಸಂಪ್ರದಾಯವೊಂದೂ ಕಲ್ಲಿನಲ್ಲಿ ಉಳಿದಿದೆ. ಒಡೆಯನು ತೀರಿದರೆ ತಾವೂ ಬದುಕುವುದಿಲ್ಲವೆಂದು ಆಣೆಯಿಟ್ಟವರು ‘ಗರುಡ’ರು. ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಕುವರ ಲಕ್ಷ್ಮನು ಪತ್ನಿ ಸುಗ್ಗಲದೇವಿಯೊಡನೆಯೂ ಸಂಗಡಿಗರೊಡನೆಯೂ ಪ್ರಾಣವನ್ನೊಪ್ಪಿಸಿದನು. ಅವರ ಕಂಬದ ಶಾಸನ ನಡುವೆಯೇ ನಿಂತಿದೆ. ಆ ನಿಷ್ಠೆಯನ್ನು ಮೆಚ್ಚಬೇಕೋ, ಅದಕ್ಕಾಗಿ ಮರುಗಬೇಕೋ, ನನಗಿನ್ನೂ ತಿಳಿಯದು. ನಮ್ಮ ಅರಸೀಕೆರೆಯ ಈಶ್ವರ ದೇವಾಲಯವೂ ಅದೇ ಕಾಲದ್ದು.

ಆ ವರ್ಷಗಳಲ್ಲಿಯೇ ದೂರದ ಫ್ರಾನ್ಸಿನ ಶಾರ್ತ್ರ್ ನಗರದಲ್ಲಿ, 1194ರ ಬೆಂಕಿಗೆ ತುತ್ತಾದ ಇಗರ್ಜಿ ಮತ್ತೆ ಏಳುತ್ತಿದ್ದಿತು. ಅದರ ಬಣ್ಣದ ಗಾಜಿನ ಕಿಟಕಿಗಳಲ್ಲಿ ರೊಟ್ಟಿ ಮಾರುವವರನ್ನೂ ಬಡಗಿಗಳನ್ನೂ ಕಾಣಬಹುದಂತೆ. ಆದರೆ ಅದನ್ನು ಕಟ್ಟಿದ ಮುಖ್ಯ ಶಿಲ್ಪಿಯ ಹೆಸರು ಯಾರಿಗೂ ತಿಳಿಯದು. ನಮ್ಮಲ್ಲಿ ಹಾಗಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಅಲ್ಲಿ ಊರು ಉಳಿದು ಶಿಲ್ಪಿಯ ಹೆಸರು ಅಳಿಯಿತು. ಇಲ್ಲಿ ಹೆಸರುಗಳು ಉಳಿದು, 1311ರಲ್ಲಿಯೂ 1327ರ ಸುಮಾರಿನಲ್ಲಿಯೂ ದೆಹಲಿಯ ದಂಡುಗಳಿಗೆ ಸಿಕ್ಕಿದ ರಾಜಧಾನಿ ಹಾಳಾಯಿತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಸಂತೋಷದ ಮಾತೇ. ಆದರೆ ಗುಡಿಯನ್ನು ಕಾಯಲು ಸರ್ಕಾರವಿದೆ. ಊರನ್ನು ನೆನೆಯಬೇಕಾದವರು ನಾವು. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನ ಸಂಪುಟದಲ್ಲಿ ನಮ್ಮ ಸುತ್ತಣ ಹಳ್ಳಿಗಳ ಕಲ್ಲುಗಳ ಮಾತು ಅಚ್ಚಾಗಿದೆ. ನಾವು ಒಬ್ಬೊಬ್ಬರೂ ನಮ್ಮ ಊರಿನ ಒಂದೊಂದು ಶಾಸನವನ್ನು ಓದಿದರೂ ಸಾಕು, ಗೆಳೆಯನು ಕೇಳಿದ ಊರು ಸ್ವಲ್ಪ ಸ್ವಲ್ಪವಾಗಿ ಕಾಣತೊಡಗೀತು.