ಬೇಸ್ ಗಿಟಾರ್: ಹೊಸದೋ, ಹಳೆಯದೋ?
ರಸಮಂಜರಿ ತಂಡಗಳ ಬಂಡವಾಳದ ಒಂದು ಲೆಕ್ಕಾಚಾರ

ಲಾರಿ ಕೊಳ್ಳುವ ಸಾಗಣೆದಾರನಿಗೂ, ಆಲೆಮನೆಗೆ ಗಾಣ ತರುವ ಬೆಲ್ಲ ಉತ್ಪಾದಕನಿಗೂ, ಮುದ್ರಣಾಲಯ ತೆರೆಯುವ ಯುವಕನಿಗೂ ಎದುರಾಗುವ ಮೊದಲ ಪ್ರಶ್ನೆ ಒಂದೇ: ಹೊಸ ಯಂತ್ರವನ್ನು ಕೊಳ್ಳಬೇಕೇ ಅಥವಾ ಬಳಸಿದ್ದನ್ನು ಕಡಿಮೆ ಬೆಲೆಗೆ ತರಬೇಕೇ? ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯ ರಸಮಂಜರಿ ತಂಡಗಳಲ್ಲಿ ವಾದ್ಯ ನುಡಿಸುವ ಕಲಾವಿದರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಕಲೆಯನ್ನು ವ್ಯಾಪಾರದ ಅಳತೆಗೋಲಿನಿಂದ ಅಳೆಯಬಾರದೆಂಬುದು ನಿಜವಾದರೂ, ವಾದ್ಯವೇ ಜೀವನೋಪಾಯವಾದವನಿಗೆ ಅದು ಬಂಡವಾಳ. ಬಂಡವಾಳವನ್ನು ತಪ್ಪಾಗಿ ಹೂಡಿದರೆ ಮನೆಯ ಖರ್ಚಿಗೇ ಸಂಚಕಾರ ಬರುತ್ತದೆ. ಈ ದೃಷ್ಟಿಯಿಂದ ಬೇಸ್ ಗಿಟಾರನ್ನು ಉದಾಹರಣೆಯಾಗಿಟ್ಟುಕೊಂಡು ಲೆಕ್ಕ ಹಾಕುವುದು ಕಲಾವಿದರಿಗೂ ವರ್ತಕರಿಗೂ ಉಪಯುಕ್ತವಾದೀತು.

ವಾದ್ಯ ಮತ್ತು ಅದರ ಮಾರುಕಟ್ಟೆ

1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅವರ ಕಂಪನಿಯು ‘ಪ್ರಿಸಿಷನ್ ಬೇಸ್’ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದ ನಂತರ, ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುವ ಕಷ್ಟ ಸಂಗೀತಗಾರರಿಗೆ ತಪ್ಪಿತು. ನಾಲ್ಕು ದಪ್ಪ ತಂತಿಗಳ ಈ ವಾದ್ಯ ಕ್ರಮೇಣ ಚಲನಚಿತ್ರ ಸಂಗೀತವನ್ನೂ ಪ್ರವೇಶಿಸಿತು. ಇಳಯರಾಜ ಸಂಗೀತ ನೀಡಿದ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ವೇದಿಕೆಯ ಮೇಲೆ ಬೇಸ್ ಗಿಟಾರ್ ಇಲ್ಲದೆ ನುಡಿಸಿದರೆ ಏನೋ ಕೊರತೆಯಾದಂತೆ ಕೇಳುಗರಿಗೂ ಅನ್ನಿಸುತ್ತದೆ. ಕೀಬೋರ್ಡಿನಲ್ಲೇ ಬೇಸ್ ನುಡಿಸಿ ಒಬ್ಬ ಕಲಾವಿದನ ಸಂಭಾವನೆ ಉಳಿಸುವ ತಂಡಗಳೂ ಇವೆ. ಹೀಗಾಗಿ ಬೇಸ್ ವಾದಕನು ತನ್ನ ಸ್ಥಾನವನ್ನು ಉಳಿಸಿಕೊಳ್ಳಬೇಕಾದರೆ ಅವನ ವಾದ್ಯದ ನಾದ ಚೆನ್ನಾಗಿರಬೇಕು ಮತ್ತು ಅದು ವೇದಿಕೆಯಲ್ಲಿ ಕೈಕೊಡಬಾರದು.

ಮಂಡ್ಯ ಪಟ್ಟಣವು ಬೆಂಗಳೂರಿನಿಂದ ಸುಮಾರು 100 ಕಿ.ಮೀ., ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದಲ್ಲಿದೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯಿಂದ ರಾಜಧಾನಿಯ ದೊಡ್ಡ ವಾದ್ಯ ಮಳಿಗೆಗಳು ಇನ್ನಷ್ಟು ಹತ್ತಿರವಾಗಿವೆ. ಮದ್ದೂರಿನವರಿಗೆ ರೈಲಿನ ಸೌಲಭ್ಯವೂ ಇದೆ. ರೈಲು ಮಾರ್ಗವಿಲ್ಲದ ಮಳವಳ್ಳಿಯ ಕಲಾವಿದರು ಕನಕಪುರದ ಮೂಲಕ ಬೆಂಗಳೂರಿಗೋ, ಬನ್ನೂರಿನ ಮೂಲಕ ಮೈಸೂರಿಗೋ ಹೋಗಬೇಕು. ವಾದ್ಯ ಕೊಳ್ಳುವುದಕ್ಕೆ ಒಮ್ಮೆ ಹೋಗುವುದು ಕಷ್ಟವಲ್ಲ. ದುರಸ್ತಿಗಾಗಿ ಪದೇ ಪದೇ ಹೋಗಬೇಕಾದರೆ ಪ್ರಯಾಣದ ವೆಚ್ಚ ಮತ್ತು ವ್ಯರ್ಥವಾಗುವ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ.

ಆದಾಯದ ಸ್ವರೂಪ

ರಸಮಂಜರಿಯ ಆದಾಯ ವರ್ಷವಿಡೀ ಸಮನಾಗಿ ಹರಿಯುವುದಿಲ್ಲ. ಗಣೇಶೋತ್ಸವದಿಂದ ನವೆಂಬರ್ ತಿಂಗಳ ರಾಜ್ಯೋತ್ಸವದವರೆಗೆ ಒಂದು ಸುಗ್ಗಿ. ಸಂಕ್ರಾಂತಿಯ ನಂತರ ಊರ ಹಬ್ಬ, ಜಾತ್ರೆಗಳದು ಇನ್ನೊಂದು. ಕಬ್ಬು, ಭತ್ತದ ಹಣ ಹಳ್ಳಿಗಳಲ್ಲಿ ಓಡಾಡಿದ ವರ್ಷ ಸಮಿತಿಗಳು ಧಾರಾಳವಾಗಿರುತ್ತವೆ. ಮಳೆ ಕೈಕೊಟ್ಟು ಕಾವೇರಿ ನೀರಿಗಾಗಿ ಜಿಲ್ಲೆ ಹೋರಾಟಕ್ಕಿಳಿದ 2023ರಂಥ ವರ್ಷದಲ್ಲಿ ಅದ್ದೂರಿ ಕಾರ್ಯಕ್ರಮಕ್ಕೆ ಹಿಂಜರಿಯುವುದು ಸಹಜ. 2020ರ ಮಾರ್ಚ್ 25ರಂದು ಆರಂಭವಾದ ಲಾಕ್‌ಡೌನ್ ಅವಧಿಯಲ್ಲಂತೂ ವೇದಿಕೆಗಳೇ ಇರಲಿಲ್ಲ. ಆದಾಯ ಏರಿಳಿದರೂ ಸಾಲದ ಕಂತು ಪ್ರತಿ ತಿಂಗಳೂ ಬರುತ್ತದೆ ಎಂಬುದನ್ನು ಖರೀದಿದಾರನು ಮರೆಯಬಾರದು.

ಅಂಕಿಗಳು ಹೇಳುವುದೇನು?

ಲೆಕ್ಕದ ಅನುಕೂಲಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹೊಸ ಬೇಸ್ ಗಿಟಾರಿನ ಬೆಲೆ ರೂ. 25,000; ಶೇ. 18ರ ಜಿಎಸ್‌ಟಿ ರೂ. 4,500, ಒಟ್ಟು ರೂ. 29,500. ಅದೇ ಮಾದರಿಯ ಬಳಸಿದ ವಾದ್ಯದ ಬೆಲೆ ರೂ. 16,000, ಹೊಸ ತಂತಿ, ಸಣ್ಣಪುಟ್ಟ ದುರಸ್ತಿ ಮತ್ತು ಹೊಂದಾಣಿಕೆಗೆ ರೂ. 2,500, ಒಟ್ಟು ರೂ. 18,500. ಮೂರು ವರ್ಷಗಳ ನಂತರ ಮೊದಲನೆಯದು ರೂ. 15,000ಕ್ಕೂ ಎರಡನೆಯದು ರೂ. 13,000ಕ್ಕೂ ಮಾರಾಟವಾಗುತ್ತವೆ ಎಂದಿಟ್ಟುಕೊಳ್ಳೋಣ.

ಹೊಸ ವಾದ್ಯದ ಮೇಲಿನ ನಷ್ಟ ರೂ. 14,500, ಹಳೆಯದರ ಮೇಲೆ ರೂ. 5,500. ಎರಡನ್ನೂ ಶೇ. 12ರ ಸರಳ ಬಡ್ಡಿಯ ಸಾಲದಿಂದ ಕೊಂಡು ಮೂರು ವರ್ಷಗಳ ಕೊನೆಗೆ ತೀರಿಸಿದರೆ ಬಡ್ಡಿ ಕ್ರಮವಾಗಿ ರೂ. 10,620 ಮತ್ತು ರೂ. 6,660. ಅಂದರೆ ಮೂರು ವರ್ಷಗಳ ನಿವ್ವಳ ವೆಚ್ಚ ಹೊಸದಕ್ಕೆ ರೂ. 25,120, ಹಳೆಯದಕ್ಕೆ ರೂ. 12,160. ವರ್ಷಕ್ಕೆ 40ರಂತೆ 120 ಕಾರ್ಯಕ್ರಮಗಳಿಗೆ ಹಂಚಿದರೆ ಒಂದು ಕಾರ್ಯಕ್ರಮಕ್ಕೆ ಸುಮಾರು ರೂ. 209 ಮತ್ತು ರೂ. 101.

ಉಳಿತಾಯ ಒಟ್ಟು ರೂ. 12,960. ವಾದಕನ ಸಂಭಾವನೆ ಕಾರ್ಯಕ್ರಮವೊಂದಕ್ಕೆ ರೂ. 1,500 ಎಂದಾದರೆ, ಇದು ಒಂಬತ್ತು ಕಾರ್ಯಕ್ರಮಗಳ ಸಂಭಾವನೆಗಿಂತ ತುಸು ಕಡಿಮೆ. ಹಳೆಯ ವಾದ್ಯ ಕೆಟ್ಟ ಕಾರಣಕ್ಕೆ ಮೂರು ವರ್ಷಗಳಲ್ಲಿ ಒಂಬತ್ತು ಕಾರ್ಯಕ್ರಮಗಳು ತಪ್ಪಿದರೆ ಉಳಿತಾಯವೆಲ್ಲ ಕರಗಿಹೋಗುತ್ತದೆ. ಅಷ್ಟೇ ಅಲ್ಲ, ಗಣೇಶೋತ್ಸವದ ರಾತ್ರಿ ಒಮ್ಮೆ ವೇದಿಕೆಯಲ್ಲಿ ವಾದ್ಯ ಮೌನವಾದರೂ ತಂಡದ ಮುಖ್ಯಸ್ಥರು ಮುಂದಿನ ಸಲ ಬೇರೊಬ್ಬನನ್ನು ಕರೆಯಬಹುದು. ಆ ನಷ್ಟವನ್ನು ಯಾವ ಜಮಾ-ಖರ್ಚಿನ ಪುಸ್ತಕವೂ ತೋರಿಸುವುದಿಲ್ಲ.

ಯಾವುದು ಹಳೆಯದಾದರೂ ಸರಿ?

ಇಲ್ಲಿ ವಾದ್ಯದ ರಚನೆಯನ್ನು ಗಮನಿಸುವುದು ಅಗತ್ಯ. ಬೇಸ್ ಗಿಟಾರ್ ಮೂಲತಃ ಮರ, ಉಕ್ಕಿನ ತಂತಿ, ಆಯಸ್ಕಾಂತ ಮತ್ತು ತಾಮ್ರದ ಸುರುಳಿಗಳ ಸರಳ ಉಪಕರಣ. ಇದರಲ್ಲಿ ಸವೆಯುವ ಭಾಗಗಳು ಕಡಿಮೆ, ಸವೆದವುಗಳನ್ನು ಬದಲಾಯಿಸಬಹುದು. ಕೀಬೋರ್ಡ್ ಮತ್ತು ರಿದಂ ಪ್ಯಾಡ್‌ಗಳ ವಿಷಯ ಹಾಗಲ್ಲ. ಅವುಗಳೊಳಗಿನ ವಿದ್ಯುನ್ಮಾನ ಫಲಕ ಕೆಟ್ಟರೆ, ಆ ಮಾದರಿಯ ತಯಾರಿಕೆ ನಿಂತಿದ್ದಲ್ಲಿ ಬಿಡಿಭಾಗ ಸಿಗುವುದು ದುರ್ಲಭ. ಆದುದರಿಂದ ಸೀಮಿತ ಬಂಡವಾಳವಿರುವ ತಂಡವು ಗಿಟಾರುಗಳನ್ನು ಬಳಸಿದವುಗಳಲ್ಲಿ ಆರಿಸಿ, ಉಳಿದ ಹಣದಲ್ಲಿ ಕೀಬೋರ್ಡನ್ನು ಖಾತರಿ ಸಹಿತ ಹೊಸದಾಗಿ ಕೊಳ್ಳುವುದು ವಿವೇಕದ ಹಂಚಿಕೆ.

ಬಳಸಿದ ಬೇಸ್ ಗಿಟಾರನ್ನು ಪರೀಕ್ಷಿಸುವಾಗ ಮೊದಲು ಕತ್ತಿನ ಭಾಗವನ್ನು ನೋಡಬೇಕು. ದಪ್ಪ ತಂತಿಗಳ ಎಳೆತಕ್ಕೆ ಕತ್ತು ಬಾಗುವುದು ಸಾಮಾನ್ಯ. ಒಳಗಿರುವ ಉಕ್ಕಿನ ಸರಳನ್ನು ತಿರುಗಿಸಿ ಅದನ್ನು ಸರಿಪಡಿಸಬಹುದು. ಸರಳೇ ತಿರುಗದಿದ್ದರೆ, ಅಥವಾ ಕತ್ತು ತಿರುಚಿಕೊಂಡಿದ್ದರೆ, ಬೆಲೆ ಎಷ್ಟೇ ಕಡಿಮೆಯಾದರೂ ಆ ವಾದ್ಯ ಬೇಡ. ಬೇಸಿಗೆಯ ಬಿಸಿಲಿನಲ್ಲಿ ವ್ಯಾನಿನೊಳಗೆ ದಿನಗಟ್ಟಲೆ ಬಿಟ್ಟ ವಾದ್ಯಗಳಿಗೆ ಈ ದೋಷ ಬರುವ ಸಂಭವ ಹೆಚ್ಚು. ಎರಡನೆಯದಾಗಿ, ವೀಣೆಯ ಮೆಟ್ಟಿಲುಗಳಂತಿರುವ ಫ್ರೆಟ್‌ಗಳು ತಂತಿಯ ಕೆಳಗೆ ಹಳ್ಳ ಬಿದ್ದಿವೆಯೇ ಎಂದು ನೋಡಬೇಕು. ಬಿರಡೆಗಳು ಸಡಿಲವಾಗಿದ್ದರೆ ಶ್ರುತಿ ನಿಲ್ಲದು. ಕೊನೆಗೆ ಆಂಪ್ಲಿಫೈಯರ್‌ಗೆ ಜೋಡಿಸಿ ಗುಂಡಿಗಳನ್ನು ತಿರುಗಿಸಿದಾಗ ಕರಕರ ಸದ್ದು ಬಂದರೆ ಅದು ಅಲ್ಪ ವೆಚ್ಚದ ದುರಸ್ತಿ. ಆ ಮಟ್ಟಿಗೆ ಬೆಲೆ ಇಳಿಸಿ ಕೇಳಬಹುದು.

ಮರದ ವಿಚಾರದಲ್ಲೊಂದು ಸ್ವಾರಸ್ಯವಿದೆ. ಕರ್ನಾಟಕದ ಕಾಡುಗಳಲ್ಲೂ ಬೆಳೆಯುವ ಬೀಟೆ ಮರವು ವಿದೇಶಿ ಗಿಟಾರುಗಳ ಬೆರಳು ಹಲಗೆಗೆ ಬಹುಕಾಲದಿಂದ ಬಳಕೆಯಲ್ಲಿದೆ. 2017ರ ಜನವರಿಯಲ್ಲಿ ಬೀಟೆ ಜಾತಿಯ ಮರಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಾಗ ಕೆಲವು ತಯಾರಕರು ಬೇರೆ ಮರಗಳತ್ತ ಹೊರಳಿದರು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ನಮ್ಮ ನಾಡಿನ ಮರವೇ ವಿದೇಶದಲ್ಲಿ ವಾದ್ಯವಾಗಿ, ಆಮದು ಸುಂಕ ತೆತ್ತು ಮರಳಿ ಮಂಡ್ಯದ ವೇದಿಕೆ ಸೇರುವುದು ವ್ಯಾಪಾರದ ವೈಚಿತ್ರ್ಯ.

ತೆರಿಗೆಯ ಮುಖ

ಜಿಎಸ್‌ಟಿ ಜಾರಿಯಾದ 2017ರ ಜುಲೈನಲ್ಲಿ ಗಿಟಾರಿನಂಥ ವಾದ್ಯಗಳ ಮೇಲಿನ ತೆರಿಗೆ ಶೇ. 28 ಇತ್ತು, ಅದೇ ವರ್ಷದ ನವೆಂಬರ್‌ನಲ್ಲಿ ಅದು ಶೇ. 18ಕ್ಕೆ ಇಳಿಯಿತು. ಕೈಯಿಂದ ತಯಾರಾದ ದೇಶೀಯ ವಾದ್ಯಗಳಿಗೆ ಮಾತ್ರ ವಿನಾಯಿತಿ ನೀಡಲಾಯಿತು.

ಸೇವೆ ಒದಗಿಸುವವರಿಗೆ ನೋಂದಣಿಯ ಮಿತಿ ವಾರ್ಷಿಕ ರೂ. 20 ಲಕ್ಷ. ಅದರೊಳಗಿನ ವಹಿವಾಟಿನ, ನೋಂದಣಿಯಿಲ್ಲದ ಕಲಾವಿದನಿಗೆ ತೆತ್ತ ತೆರಿಗೆ ಹಿಂದಿರುಗುವುದಿಲ್ಲ; ಅದು ವಾದ್ಯದ ಬೆಲೆಯ ಭಾಗವೇ. ಸಾಮಾನ್ಯ ಕ್ರಮದಲ್ಲಿ ನೋಂದಣಿಯಾದ ದೊಡ್ಡ ತಂಡಕ್ಕೆ ಮೇಲಿನ ಉದಾಹರಣೆಯ ರೂ. 4,500 ಹೂಡುವಳಿ ತೆರಿಗೆಯಾಗಿ ದೊರೆಯುವುದರಿಂದ ಹೊಸ ವಾದ್ಯದ ವೆಚ್ಚ ರೂ. 25,000ಕ್ಕೆ ಇಳಿಯುತ್ತದೆ. ಮುಂದೆ ಮಾರುವಾಗ ತೆರಿಗೆಯ ಹೊಣೆಯೂ ಬರುತ್ತದೆಂಬುದನ್ನು ನೆನಪಿಡಬೇಕು. ಒಟ್ಟಿನಲ್ಲಿ, ಹೊಸ ವಾದ್ಯವು ದೊಡ್ಡ ತಂಡಕ್ಕೆ ಅಗ್ಗ, ಸಣ್ಣ ಕಲಾವಿದನಿಗೆ ದುಬಾರಿ.

ಆದಾಯ ತೆರಿಗೆಯಲ್ಲಿ ಯಂತ್ರೋಪಕರಣಗಳ ಸಾಮಾನ್ಯ ಸವಕಳಿ ದರ ಶೇ. 15. ವಾದ್ಯ ಹೊಸದಾದರೂ ಹಳೆಯದಾದರೂ ದರ ಒಂದೇ. ಕೊಂಡ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಕಾಲ ಬಳಸಿದ್ದರೆ ಅರ್ಧ ಮಾತ್ರ. ಗಣೇಶೋತ್ಸವಕ್ಕೆ ಕೊಂಡು ನುಡಿಸಿದವನಿಗೆ ಆ ವರ್ಷ ಪೂರ್ಣ ಸವಕಳಿ ದೊರೆತರೆ, ರಾಜ್ಯೋತ್ಸವಕ್ಕೆಂದು ಅಕ್ಟೋಬರ್ ಕೊನೆಯಲ್ಲಿ ಕೊಂಡವನಿಗೆ ಅರ್ಧ.

ಬಳಸಿದ ವಾದ್ಯಗಳ ಖರೀದಿಯಲ್ಲಿ ಹಲವರು ಎಡವುವುದು ನಗದಿನ ವಿಷಯದಲ್ಲಿ. 2017ರ ಹಣಕಾಸು ಕಾಯಿದೆಯ ತಿದ್ದುಪಡಿಯಂತೆ, ಆಸ್ತಿಯೊಂದಕ್ಕಾಗಿ ಒಬ್ಬರಿಗೆ ಒಂದೇ ದಿನ ರೂ. 10,000ಕ್ಕೂ ಹೆಚ್ಚು ಹಣವನ್ನು ನಗದಾಗಿ ಕೊಟ್ಟರೆ ಆ ಮೊತ್ತವು ಆಸ್ತಿಯ ಬೆಲೆಗೆ ಸೇರುವುದಿಲ್ಲ, ಸವಕಳಿಯೂ ಇಲ್ಲ. ರೂ. 16,000ದ ವಾದ್ಯಕ್ಕೆ ನೋಟುಗಳನ್ನು ಎಣಿಸುವ ಬದಲು ಬ್ಯಾಂಕ್ ಖಾತೆಗೆ ವರ್ಗಾಯಿಸುವುದು ಲೇಸು.

ಕಾಗದಪತ್ರಗಳ ಮಹತ್ವ

ಬಳಸಿದ ವಾದ್ಯದ ಮೂಲ ಬಿಲ್ಲನ್ನು ಕೇಳಿ ಪಡೆಯಬೇಕು. ಬಿಲ್ಲಿಲ್ಲದಿದ್ದರೆ ಮಾರುವವರ ಹೆಸರು, ವಿಳಾಸ ಮತ್ತು ವಾದ್ಯದ ಕ್ರಮಸಂಖ್ಯೆ ನಮೂದಿಸಿದ ಸಹಿ ಪತ್ರವನ್ನಾದರೂ ಬರೆಸಿಕೊಳ್ಳಬೇಕು. ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ. ಪತ್ರವಿರುವ ವಾದ್ಯವನ್ನು ಮುಂದೆ ಮಾರುವುದೂ ಸುಲಭ.

ಹೊಸ ವಾದ್ಯದ ಪರವಾಗಿ ಹೇಳಬೇಕಾದ ಮಾತೂ ಇದೆ. ಸ್ವಯಂ ಉದ್ಯೋಗದಿಂದ ಜೀವನ ನಡೆಸಲು ಕೊಂಡ ವಸ್ತುವಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಮಳಿಗೆಯ ವಿರುದ್ಧ ದೂರು ನೀಡಬಹುದು. ಖಾಸಗಿ ವ್ಯಕ್ತಿಯಿಂದ ಕೊಂಡ ಹಳೆಯ ವಾದ್ಯಕ್ಕೆ ಆ ದಾರಿ ಇಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವರ್ಗದಲ್ಲಿ ರೂ. 50,000ದವರೆಗಿನ ಸಾಲ ಕೇಳುವಾಗಲೂ ಮಳಿಗೆಯ ದರಪಟ್ಟಿ ಕೈಯಲ್ಲಿದ್ದರೆ ಕೆಲಸ ಸುಗಮ.

ವರ್ತಕರಿಗೊಂದು ಅವಕಾಶ

ಈ ಎರಡು ದಾರಿಗಳ ನಡುವೆ ಸ್ಥಳೀಯ ವರ್ತಕರಿಗೆ ಜಾಗವಿದೆ. ಜಿಎಸ್‌ಟಿ ನಿಯಮ 32(5)ರಂತೆ, ಬಳಸಿದ ವಸ್ತುಗಳ ವ್ಯಾಪಾರಿಯು ಹೂಡುವಳಿ ತೆರಿಗೆ ಪಡೆಯದೆ, ವಸ್ತುವಿನ ಸ್ವರೂಪ ಬದಲಾಗದಷ್ಟು ಮಾತ್ರ ದುರಸ್ತಿ ಮಾಡಿ ಮಾರಿದರೆ, ಕೊಂಡ ಮತ್ತು ಮಾರಿದ ಬೆಲೆಗಳ ಅಂತರದ ಮೇಲಷ್ಟೇ ತೆರಿಗೆ ಕಟ್ಟಬಹುದು. ರೂ. 12,000ಕ್ಕೆ ಕೊಂಡ ವಾದ್ಯವನ್ನು ರೂ. 16,000ಕ್ಕೆ ಮಾರಿದರೆ ಶೇ. 18ರ ದರದಲ್ಲಿ ತೆರಿಗೆ ರೂ. 720, ಪೂರ್ಣ ಬೆಲೆಯ ಮೇಲಾದರೆ ಅದು ರೂ. 2,880 ಆಗುತ್ತಿತ್ತು. ನಷ್ಟಕ್ಕೆ ಮಾರಿದರೆ ತೆರಿಗೆಯಿಲ್ಲ.

ಮಂಡ್ಯದಲ್ಲಿ ಈಗಾಗಲೇ ಧ್ವನಿವರ್ಧಕ ಅಥವಾ ವಿದ್ಯುನ್ಮಾನ ಸಾಮಗ್ರಿಗಳ ವ್ಯಾಪಾರ ನಡೆಸುತ್ತಿರುವವರು ಬಳಸಿದ ವಾದ್ಯಗಳನ್ನು ಕೊಂಡು, ಪರೀಕ್ಷಿಸಿ, ಬಿಲ್ಲು ಮತ್ತು ಮೂರು ತಿಂಗಳ ಖಾತರಿಯೊಂದಿಗೆ ಮಾರುವ ವ್ಯವಸ್ಥೆ ಮಾಡಿದರೆ ಮದ್ದೂರು, ಮಳವಳ್ಳಿಯ ಕಲಾವಿದರು ದೂರದ ನಗರಗಳಿಗೆ ಅಲೆಯುವುದು ತಪ್ಪುತ್ತದೆ. ಸುಗ್ಗಿಯ ದಿನಗಳಲ್ಲಿ ಬದಲಿ ವಾದ್ಯವೊಂದನ್ನು ದಿನಬಾಡಿಗೆಗೆ ಕೊಡುವ ಏರ್ಪಾಡು ಇದ್ದರಂತೂ ಹಳೆಯ ವಾದ್ಯದ ಅತಿ ದೊಡ್ಡ ಭಯವೇ ನಿವಾರಣೆಯಾಗುತ್ತದೆ.

ಅಂತಹ ಏರ್ಪಾಡು ಬರುವವರೆಗೆ ಕಲಾವಿದರು ಅನುಸರಿಸಬಹುದಾದ ಸೂತ್ರ ಸರಳ. ವರ್ಷಕ್ಕೆ ಹತ್ತಾರು ಕಾರ್ಯಕ್ರಮಗಳಷ್ಟೇ ಇರುವವರು, ಕಲಿಕೆಯ ಹಂತದಲ್ಲಿರುವವರು ಮತ್ತು ಸಾಲವಿಲ್ಲದೆ ಕೊಳ್ಳಬಯಸುವವರು ತಿಳಿದವರೊಬ್ಬರನ್ನು ಜೊತೆಗೆ ಕರೆದೊಯ್ದು, ಹೆಸರಾಂತ ತಯಾರಿಕೆಯ ಬಳಸಿದ ವಾದ್ಯವನ್ನು ಆರಿಸುವುದು ಉತ್ತಮ. ಸುಗ್ಗಿಯಲ್ಲಿ ಬಿಡುವಿಲ್ಲದೆ ನುಡಿಸುವ ವೃತ್ತಿನಿರತರು ಹೊಸದನ್ನು ಕೊಂಡು, ಹಳೆಯದನ್ನು ಮಾರದೆ ಬದಲಿ ವಾದ್ಯವಾಗಿ ಜೊತೆಗಿಟ್ಟುಕೊಳ್ಳುವುದು ಕ್ಷೇಮ. ಎರಡರಲ್ಲಿ ಯಾವುದನ್ನೇ ಆರಿಸಿದರೂ ಬಿಲ್ಲನ್ನು ಜೋಪಾನವಾಗಿಡಬೇಕು. ಕೈ ಬಿಗಿಯಾದ ವರ್ಷದಲ್ಲಿ ವಾದ್ಯವನ್ನು ನ್ಯಾಯವಾದ ಬೆಲೆಗೆ ಹಣವಾಗಿಸುವುದು ಆ ಕಾಗದವೇ.