ಒಂದೇ ಗೋಫರ್‌ಗೆ ಎಷ್ಟು ಹೆಸರು?

ಎರಡೂ ಕೆನ್ನೆಯ ಹೊರಗೆ ತುಪ್ಪಳದ ಚೀಲ, ಅದರ ತುಂಬ ಬೇರು, ಗೆಡ್ಡೆ. ಇದೇ ಪಾಕೆಟ್ ಗೋಫರ್! ನೆಲದೊಳಗೇ ಬದುಕುವ ಈ ಪ್ರಾಣಿ ಇರುವುದು ಮುಖ್ಯವಾಗಿ ಉತ್ತರ ಮತ್ತು ಮಧ್ಯ ಅಮೆರಿಕದಲ್ಲಿ.

ಯಾವ ಕುಲದ್ದೆಂದು ತಿಳಿಯಲು ಮೇಲಿನ ಬಾಚಿಹಲ್ಲು ನೋಡಿ. ಎರಡು ಗೀರು ಇದ್ದರೆ ಜಿಯೋಮಿಸ್. ಹೆಚ್ಚುಕಮ್ಮಿ ನುಣುಪಾಗಿದ್ದರೆ ಥೋಮೊಮಿಸ್.

ನಿಜವಾದ ಕಷ್ಟ ಉಪಪ್ರಭೇದಗಳದ್ದು. ಗೋಫರ್ ಒಂಟಿಜೀವಿ, ಹುಟ್ಟಿದ ಜಾಗದಿಂದ ಹೆಚ್ಚು ದೂರ ಹೋಗುವುದಿಲ್ಲ. ಹಾಗಾಗಿ ಕಣಿವೆಯಿಂದ ಕಣಿವೆಗೆ ಅದರ ರೂಪ ಬೇರೆ. ಕಪ್ಪು ಮಣ್ಣಿನಲ್ಲಿ ಗಾಢ ಬಣ್ಣ, ಮರಳಿನಲ್ಲಿ ತಿಳಿ ಬಣ್ಣ. ಇಂಥ ಬಣ್ಣ, ಗಾತ್ರಗಳ ವ್ಯತ್ಯಾಸವನ್ನೇ ನೋಡಿ ಬೊಟ್ಟಾ ಗೋಫರ್ ಎಂಬ ಒಂದೇ ಪ್ರಭೇದಕ್ಕೆ 150ಕ್ಕೂ ಹೆಚ್ಚು ಉಪಪ್ರಭೇದಗಳನ್ನು ಹೆಸರಿಸಿಬಿಟ್ಟರು! ಆದರೆ ಗಾತ್ರವನ್ನು ನಂಬುವುದು ಹೇಗೆ? ಲೂಸರ್ನ್ ಬೆಳೆದ ಹೊಲದಲ್ಲಿ ಚೆನ್ನಾಗಿ ತಿಂದ ಗೋಫರ್ ದೊಡ್ಡದಾಗಿಯೇ ಬೆಳೆಯುತ್ತದೆ. 1990ರಲ್ಲಿ ವಿಜ್ಞಾನಿಗಳಾದ ಜೇಮ್ಸ್ ಪ್ಯಾಟನ್ ಮತ್ತು ಮಾರ್ಗರೆಟ್ ಸ್ಮಿತ್ ಆನುವಂಶಿಕ ಪುರಾವೆಗಳನ್ನೂ ಸೇರಿಸಿ ನೋಡಿ, ಕ್ಯಾಲಿಫೋರ್ನಿಯಾದ ಉಪಪ್ರಭೇದಗಳ ಪಟ್ಟಿಯನ್ನು ಬಹಳಷ್ಟು ಕಿರಿದಾಗಿಸಿದರು.

ಈ ವಿಂಗಡಣೆ ಬರೀ ಪುಸ್ತಕದ ಲೆಕ್ಕವಲ್ಲ. ವಾಷಿಂಗ್ಟನ್ ರಾಜ್ಯದ ಮಜಾಮಾ ಗೋಫರ್‌ನ ನಾಲ್ಕು ಉಪಪ್ರಭೇದಗಳಿಗೆ 2014ರಲ್ಲಿ ಫೆಡರಲ್ ಕಾನೂನಿನ ರಕ್ಷಣೆ ಸಿಕ್ಕಿತು. ಟಕೋಮಾ ಉಪಪ್ರಭೇದ ಅಷ್ಟರಲ್ಲಾಗಲೇ ಅಳಿದುಹೋಗಿತ್ತು.